ಅಲೆ ಎಷ್ಟಿದೆ ಅಂತ ಮೊಬೈಲ್ ಕೇಳುವವರಿಗೆ

ಆಗಸ್ಟ್ ಹದಿನೈದು ಶುಕ್ರವಾರವೋ ಸೋಮವಾರವೋ ಬಿದ್ದರೆ ಸಾಕು, ಬೆಂಗಳೂರಿನ ಐಟಿ ಕಂಪನಿಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ ಓಡಾಡುತ್ತೆ: "ಗೋಕರ್ಣದಲ್ಲಿ ವೇವ್ಸ್ ಹೇಗಿದೆ ಗುರು?" ಅರ್ಧ ನಿಮಿಷದಲ್ಲಿ ಯಾರೋ ಒಬ್ಬ ಆಪ್ ತೆಗೆದು ಸ್ಕ್ರೀನ್‌ಶಾಟ್ ಹಾಕ್ತಾನೆ. 1.5 ಮೀಟರ್. ಪಕ್ಕದಲ್ಲಿ ಹಸಿರು ಬಣ್ಣ, ಒಂದು ಬಾಣದ ಗುರುತು. "ಭುಜದ ಮಟ್ಟ ಅಷ್ಟೇ, ಸೂಪರ್" ಅಂತ ಇನ್ನೊಬ್ಬ. ಟೆಂಪೋ ಟ್ರಾವೆಲರ್ ಬುಕ್ ಆಗುತ್ತೆ.

ನನ್ನ ತಕರಾರು ಟ್ರಿಪ್ ಮೇಲಲ್ಲ. ಹೋಗಿ, ಸರ್ಫಿಂಗ್ ಕಲೀರಿ, ಬೋರ್ಡ್ ಮೇಲಿಂದ ಬಿದ್ದು ಉಪ್ಪುನೀರು ಕುಡೀರಿ. ನಾನೂ ನಾಲ್ಕೈದು ವರ್ಷದಿಂದ ಅದನ್ನೇ ಮಾಡ್ತಿದೀನಿ. ತಕರಾರು ಇರೋದು ಆ ಸ್ಕ್ರೀನ್‌ಶಾಟ್ ಮೇಲೆ. ದಿನವಿಡೀ ಡ್ಯಾಶ್‌ಬೋರ್ಡ್ ಕಟ್ಟುವ ಜನ ನಾವು. ಒಂದು ಹಸಿರು ಚುಕ್ಕೆಯ ಹಿಂದೆ ಏನೇನು ಮುಚ್ಚಿಡಬಹುದು ಅನ್ನೋದು ನಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಕ್ಕಿಲ್ಲ. ಅಂಥ ನಾವು ಆಫೀಸಿನ ಗೇಟು ದಾಟಿದ ಕೂಡಲೇ ಬೇರೆ ಯಾರೋ ಕಟ್ಟಿದ ಹಸಿರು ಚುಕ್ಕೆಗೆ ಕೈಮುಗೀತೀವಿ. ಸಮುದ್ರ ಓದೋದನ್ನ ನಾವು ಈ ಮಟ್ಟಕ್ಕೆ ಇಳಿಸಿದೀವಿ. ಇನ್ನು ಯಾರೂ ಯಾವತ್ತೂ ಓದೋಕೆ ಹೇಳಿಕೊಡದ ನಮ್ಮ ಬಯಲುಸೀಮೆಯ ಜನ ಬಸ್ಸಿನಿಂದ ಇಳಿದು ಸೀದಾ ನೀರಿಗೆ ಹೋಗಿ ಸಾಯ್ತಿದಾರೆ. ಇವೆರಡೂ ಒಂದೇ ರೋಗದ ಎರಡು ಮುಖ ಅಂತ ನನ್ನ ವಾದ.

ಮೊದಲು ಆ 1.5 ಮೀಟರ್ ಏನು ಅಂತ ನೋಡೋಣ. ಅದು ನೀವು ನಿಂತ ಜಾಗದಲ್ಲಿ ಬರೋ ಅಲೆಯ ಎತ್ತರ ಅಲ್ಲ. ಅದರ ಹೆಸರು ಸಿಗ್ನಿಫಿಕೆಂಟ್ ವೇವ್ ಹೈಟ್. ಒಂದಷ್ಟು ಹೊತ್ತಿನಲ್ಲಿ ಬಂದ ಅಲೆಗಳಲ್ಲಿ ದೊಡ್ಡ ಮೂರನೇ ಒಂದು ಭಾಗವನ್ನು ಆರಿಸಿ, ಅವುಗಳ ಎತ್ತರದ ಸರಾಸರಿ ತೆಗೆದರೆ ಬರೋ ಅಂಕಿ ಅದು. ಸರಾಸರಿ ಅಂದಮೇಲೆ ಅದಕ್ಕಿಂತ ದೊಡ್ಡವು ಇದ್ದೇ ಇರ್ತವೆ. ಹತ್ತು ಸೆಕೆಂಡಿಗೊಂದು ಅಲೆ ಅಂತ ಇಟ್ಕೊಳ್ಳಿ, ಮೂರು ಗಂಟೆಯಲ್ಲಿ ಸುಮಾರು ಸಾವಿರ ಅಲೆ ಬರುತ್ತೆ. ಆ ಸಾವಿರದಲ್ಲಿ ಅತಿ ದೊಡ್ಡದು ಈ ಅಂಕಿಯ ಹತ್ತಿರ ಹತ್ತಿರ ಎರಡರಷ್ಟು ಇರುತ್ತೆ ಅಂತ ಲೆಕ್ಕಾಚಾರ ಹೇಳುತ್ತೆ. ಅಂದ್ರೆ 2.8 ಮೀಟರ್. ಭುಜದ ಮಟ್ಟ ಅಲ್ಲ, ಬಾಗಿಲ ಚೌಕಟ್ಟಿಗಿಂತ ಎತ್ತರ. ಅದು ಬಂದಾಗ ಆಪ್ ತಪ್ಪು ಹೇಳಿತು ಅನ್ನೋಹಾಗಿಲ್ಲ, ಆಪ್ ಸರಿಯಾಗೇ ಹೇಳಿತ್ತು. ಸರ್ವರಿನ ಸರಾಸರಿ ಲೇಟೆನ್ಸಿ ತೋರಿಸಿ ಎಲ್ಲ ಚೆನ್ನಾಗಿದೆ ಅಂತ ಜೂನಿಯರ್ ಹೇಳಿದರೆ "ಪಿ-99 ಎಷ್ಟಪ್ಪ?" ಅಂತ ನಾವೇ ತಾನೇ ಕೇಳೋದು? ಜೀವದ ವಿಷಯದಲ್ಲಿ ಯಾಕೆ ಕೇಳಲ್ಲ?

ಇನ್ನೊಂದು, ಆ ಅಂಕಿ ನಿಮ್ಮ ಬೀಚಿನದೂ ಅಲ್ಲ. ದೊಡ್ಡ ಮಾಡೆಲ್‌ಗಳು ಸಮುದ್ರವನ್ನು ಹತ್ತಾರು ಕಿಲೋಮೀಟರ್ ಉದ್ದಗಲದ ಚೌಕಗಳಾಗಿ ಕತ್ತರಿಸಿ, ಚೌಕಕ್ಕೊಂದು ಅಂಕಿ ಕೊಡ್ತವೆ. ತುಮಕೂರು ಜಿಲ್ಲೆಗೆ ಮಳೆ ಅಂತ ಟಿವಿಯಲ್ಲಿ ಹೇಳಿದ ದಿನ ತಿಪಟೂರಿನಲ್ಲಿ ಚರಂಡಿ ತುಂಬಿ, ಕಂದಿಕೆರೆಯಲ್ಲಿ ತೆಂಗಿನ ಬುಡ ಒಣಗೇ ಇರುತ್ತಲ್ಲ, ಹಾಗೆ.

ಊರಿನ ಮಾತು ಬಂತು, ಹೇಳಿಬಿಡ್ತೀನಿ. ತಿಪಟೂರು ಎಪಿಎಂಸಿಯ ಕೊಬ್ಬರಿ ಬೆಲೆ ಈಗ ಮೊಬೈಲಿಗೇ ಬರುತ್ತೆ: ಕನಿಷ್ಠ, ಗರಿಷ್ಠ, ಮಾದರಿ. ಅಪ್ಪ ದಿನಾ ನೋಡ್ತಾರೆ, ನೋಡಲ್ಲ ಅಂತಲ್ಲ. ಆದರೆ ಅಟ್ಟದಿಂದ ಒಂದೊಂದು ಮೂಲೆಯ ನಾಲ್ಕು ಕಾಯಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿ, ಒಳಗಡೆ ಗುಂಡು ಬಿಟ್ಕೊಂಡು ಗಡಗಡ ಅನ್ನುತ್ತಾ ಅಂತ ಕೇಳದೆ ಸುಲಿಸೋಕೆ ಆಳು ಕರೆಯಲ್ಲ. "ಬೆಲೆ ಪೇಟೇದು ಕಣಪ್ಪ, ಕಾಯಿ ನಮ್ಮದು" ಅಂತಾರೆ. ಸಮುದ್ರದ ಆಪ್ ಹೇಳೋದು ಪೇಟೆ ಬೆಲೆ. ಕಾಯಿ ಅಲ್ಲಾಡಿಸೋ ಕೆಲಸ ದಡದಲ್ಲಿ ನಿಂತವನದು.

ಆಪ್‌ನಲ್ಲಿ ಎತ್ತರದ ಪಕ್ಕ ಸಣ್ಣ ಅಕ್ಷರದಲ್ಲಿ ಇನ್ನೊಂದು ಅಂಕಿ ಇರುತ್ತೆ, ಸೆಕೆಂಡಿನಲ್ಲಿ. ಸ್ಕ್ರೀನ್‌ಶಾಟ್ ಹಾಕೋರು ಸಾಮಾನ್ಯವಾಗಿ ಅದನ್ನ ಕತ್ತರಿಸಿ ಹಾಕಿರ್ತಾರೆ. ಒಂದು ಅಲೆಗೂ ಮುಂದಿನ ಅಲೆಗೂ ನಡುವಿನ ಅಂತರ ಅದು, ಪೀರಿಯಡ್ ಅಂತಾರೆ. ನನ್ನನ್ನ ಕೇಳಿದರೆ ಎತ್ತರಕ್ಕಿಂತ ಮೊದಲು ನೋಡಬೇಕಾದ್ದು ಅದು. ಆರು ಸೆಕೆಂಡಿನ ಅಲೆ ಅಂದರೆ ಹತ್ತಿರದ ಗಾಳಿ ಎಬ್ಬಿಸಿದ ಅಲೆ. ಆಳ ನೀರಿನಲ್ಲಿ ಅದರ ಉದ್ದ ಐವತ್ತಾರು ಮೀಟರ್ ಇರಬಹುದು. ಹದಿನೈದು ಸೆಕೆಂಡಿನದಾದರೆ ಉದ್ದ ಸುಮಾರು 350 ಮೀಟರ್! ಎರಡರ ಎತ್ತರವೂ ಒಂದೇ ಮೀಟರ್ ಇದ್ದರೂ ಎರಡನೆಯದು ಹೊತ್ತು ತರುವ ಶಕ್ತಿ ಎರಡೂವರೆ ಪಟ್ಟು. ದಡ ಮುಟ್ಟಿದಾಗ ಮೊದಲನೆಯದು ಪುಟುಪುಟು ಒಡೆದು ಸುಮ್ಮನಾಗುತ್ತೆ. ಎರಡನೆಯದು ತಳ ಸಿಕ್ಕ ಕೂಡಲೇ ಎದ್ದು ನಿಲ್ಲುತ್ತೆ, ನಾವು ಊಹಿಸಿದ್ದಕ್ಕಿಂತ ತುಂಬ ಮೇಲೆ ಮರಳಿಗೆ ನುಗ್ಗುತ್ತೆ, ಹೋಗುವಾಗ ಅಷ್ಟೂ ನೀರು ವಾಪಸ್ ಹೋಗಬೇಕಲ್ಲ, ಎಳ್ಕೊಂಡೇ ಹೋಗುತ್ತೆ.

ಈ ಹದಿನೈದು ಸೆಕೆಂಡಿನ ಅಲೆ ಎಲ್ಲಿಂದ ಬರುತ್ತೆ ಅನ್ನೋದು ಗೊತ್ತಾದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಖುಷಿಯಾಗಿತ್ತು. ಅದು ಅರಬ್ಬೀ ಸಮುದ್ರದ್ದೇ ಅಲ್ಲ. ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ, 40 ಡಿಗ್ರಿ ಅಕ್ಷಾಂಶದಿಂದಾಚೆ, ಕೆರ್ಗೆಲೆನ್ ದ್ವೀಪಗಳ ಸುತ್ತ, ಕೈ ಇಟ್ಟರೆ ಮರಗಟ್ಟಿ ಹೋಗುವಂಥ ತಣ್ಣನೆ ನೀರಿನ ಮೇಲೆ ಬಿರುಗಾಳಿ ಬೀಸುತ್ತೆ. ನೋಡೋಕೆ ಮನುಷ್ಯರೇ ಇಲ್ಲದ ಜಾಗ. ಅಲ್ಲಿ ಎದ್ದ ಅಲೆಗಳಲ್ಲಿ ಸಣ್ಣವು ದಾರಿಯಲ್ಲೇ ಸತ್ತು, ಉದ್ದನೆಯವು ಮಾತ್ರ ಉತ್ತರಕ್ಕೆ ಹೊರಡ್ತವೆ. ಹದಿನಾರು ಸೆಕೆಂಡಿನ ಅಲೆಗಳ ಗುಂಪು ಗಂಟೆಗೆ ಸುಮಾರು 45 ಕಿಲೋಮೀಟರ್ ವೇಗದಲ್ಲಿ, ಹಗಲು ರಾತ್ರಿ ನಿಲ್ಲದೆ, ದಿನಕ್ಕೆ ಸಾವಿರ ಕಿಲೋಮೀಟರ್ ನಡೆದು ಆರು ದಿನಕ್ಕೆ ನಮ್ಮ ಮೂಲ್ಕಿಗೆ, ಮುರ್ಡೇಶ್ವರಕ್ಕೆ ಬಂದು ಮುಟ್ಟುತ್ತೆ. ಬಂದಾಗ ಇಲ್ಲಿ ಆಕಾಶ ನೀಲಿಯಾಗಿರುತ್ತೆ, ಗಾಳಿ ಇರಲ್ಲ. ಕಡಲೆಕಾಯಿ ಮಾರೋನು ಕಡಲೆಕಾಯಿ ಮಾರ್ತಿರ್ತಾನೆ. ಆರು ದಿನದ ಹಿಂದಿನ ಬಿರುಗಾಳಿ ಮಾತ್ರ ನಿಮ್ಮ ಕಾಲ ಬುಡದಲ್ಲಿರುತ್ತೆ.

ಕೇರಳದ ಮೀನುಗಾರರು ಇದಕ್ಕೆ ಹೆಸರಿಟ್ಟಿದ್ದಾರೆ: ಕಳ್ಳಕ್ಕಡಲ್. ಕನ್ನಡಿಗರಿಗೆ ಅನುವಾದವೇ ಬೇಡ. ಸೂಚನೆ ಕೊಡದೆ ಕಳ್ಳನ ಹಾಗೆ ಒಳಗೆ ಬರುವ ಕಡಲು. 2012ರಲ್ಲಿ ಯುನೆಸ್ಕೊ ಈ ಪದವನ್ನೇ ವೈಜ್ಞಾನಿಕ ಬಳಕೆಗೆ ಒಪ್ಪಿಕೊಂಡಿತು. ಇವತ್ತು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ, ಅಂದರೆ ಭೂವಿಜ್ಞಾನ ಸಚಿವಾಲಯದ ಕೆಳಗಿರುವ ನಮ್ಮದೇ ಸಾಗರ ಮಾಹಿತಿ ಕೇಂದ್ರ, ದಕ್ಷಿಣದ ಆ ಬಿರುಗಾಳಿಗಳನ್ನು ನೋಡ್ಕೊಂಡು ಮುಂಚೆಯೇ ಎಚ್ಚರಿಕೆ ಕೊಡುತ್ತೆ. 2024ರ ಮೇ ತಿಂಗಳ ಮೊದಲ ವಾರದಲ್ಲೂ ಕೊಟ್ಟಿತ್ತು. ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಲೆಮೂರ್ ಬೀಚಿನಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಕೊಚ್ಚಿಹೋದರು. ಬೀಚ್ ಮುಚ್ಚಲಾಗಿತ್ತು. ಓದಿದ ಮಕ್ಕಳು. ಡಾಕ್ಟರ್ ಆಗಬೇಕಾದವರು. "ಮುಚ್ಚಿದೆ" ಅನ್ನೋದು ಅವರಿಗೂ ಗೊತ್ತಿದ್ದಿರಬೇಕು. ಯಾಕೆ ಮುಚ್ಚಿದೆ ಅನ್ನೋದನ್ನ ಆ ಶಾಂತ ಆಕಾಶದ ಕೆಳಗೆ ನಂಬೋ ಹಾಗೆ ಯಾರು ಹೇಳಬೇಕಿತ್ತು?

ಇನ್ನು ನಮ್ಮಲ್ಲಿ ಕೆಲವರಿದ್ದಾರೆ, ಯೂಟ್ಯೂಬ್ ಪಂಡಿತರು. ನಾರ್ವೆಯ ಉನ್‌ಸ್ಟಾಡ್ ವಿಡಿಯೋ ಕಳಿಸ್ತಾರೆ. ಆರ್ಕ್ಟಿಕ್ ವೃತ್ತದ ಒಳಗಿರುವ ಲೊಫೋಟೆನ್ ದ್ವೀಪಗಳಲ್ಲಿ ಹಿಮ ಮೆತ್ತಿದ ಬೆಟ್ಟ, ಐದಾರು ಡಿಗ್ರಿ ನೀರು, ತಲೆಯಿಂದ ಕಾಲಿನವರೆಗೆ ದಪ್ಪ ರಬ್ಬರ್ ಸೂಟು ಹಾಕ್ಕೊಂಡವನು ಬಂಡೆಗಳ ಪಕ್ಕದಲ್ಲಿ ರಿಬ್ಬನ್ ಬಿಚ್ಚಿದ ಹಾಗೆ ಸುರುಳಿಯಾಗಿ ಒಡೆಯುವ ಅಲೆ ಹಿಡಿದು ಬರ್ತಾನೆ. ನೋಡೋಕೆ ಸೊಗಸು, ಒಪ್ಪಿದೆ. "ನಮ್ಮಲ್ಲಿ ಯಾಕೆ ಹೀಗಿಲ್ಲ? ನಮ್ಮದು ವೇಸ್ಟ್ ಕೋಸ್ಟು" ಅನ್ನೋದು ಕೆಳಗಿನ ಸಾಲು.

ವೇಸ್ಟ್ ಅಲ್ಲ ಸ್ವಾಮಿ, ಬೇರೆ. ವಿಡಿಯೋದಲ್ಲಿ ಇರೋದಕ್ಕೆ ಪಾಯಿಂಟ್ ಬ್ರೇಕ್ ಅಂತಾರೆ. ಸಮುದ್ರದೊಳಕ್ಕೆ ಚಾಚಿಕೊಂಡ ಬಂಡೆಯ ಮೂಗು ಇರುತ್ತೆ, ಅಲೆ ಅದನ್ನು ಸುತ್ತಿಕೊಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ಒಡೀತಾ ಹೋಗುತ್ತೆ. ಬಂಡೆ ಇವತ್ತೂ ಅಲ್ಲೇ, ಮುಂದಿನ ವರ್ಷವೂ ಅಲ್ಲೇ. ಹಾಗಾಗಿ ಇಂಥ ದಿಕ್ಕು, ಇಷ್ಟು ಸೆಕೆಂಡು, ಇಷ್ಟು ಎತ್ತರ ಅಂದರೆ ಹೆಚ್ಚುಕಡಿಮೆ ಇಂಥದೇ ಅಲೆ ಅಂತ ಮನೆಯಲ್ಲಿ ಕೂತು ಹೇಳಬಹುದು. ಆಪ್ ಸಂಸ್ಕೃತಿ ಬೆಳೆದದ್ದು ಅಂಥ ಕಡೆ. ಆದರೂ ಆ ನಾರ್ವೆಯವನು ನೋಡದೆ ಇಳಿಯಲ್ಲ. ಇಳಿದರೆ ಬಂಡೆಗೆ ಹೊಡೀತಾನೆ, ಕೂಗಿದರೆ ಕೇಳೋಕೆ ಯಾರೂ ಇಲ್ಲ, ಆ ತಣ್ಣೀರಿನಲ್ಲಿ ಕೈಕಾಲು ಆಡೋದೂ ಸ್ವಲ್ಪ ಹೊತ್ತು ಮಾತ್ರ. ವಿಡಿಯೋದಲ್ಲಿ ಅವನು ದಡದಲ್ಲಿ ಕಾದ ಹೊತ್ತನ್ನ ಕತ್ತರಿಸಿರ್ತಾರೆ, ಅಷ್ಟೇ.

ನಮ್ಮ ಕರಾವಳಿ ಬಹುಪಾಲು ಮರಳು. ಸಸಿಹಿತ್ಲು ತೆಗೊಳ್ಳಿ. ಶಾಂಭವಿ ಮತ್ತು ನಂದಿನಿ ಎರಡೂ ಹೊಳೆಗಳು ಅಲ್ಲಿ ಸಮುದ್ರ ಸೇರ್ತವೆ. ಹೊಳೆ ಮರಳು ತಂದು ಹಾಕುತ್ತೆ, ಮುಂಗಾರು ಅದನ್ನ ಕಿತ್ತು ಬೇರೆ ಕಡೆ ಇಡುತ್ತೆ, ಮಳೆ ನಿಂತ ಮೇಲೆ ಸಮುದ್ರ ನಿಧಾನವಾಗಿ ವಾಪಸ್ ತರುತ್ತೆ. ನೀರಿನ ಕೆಳಗಿನ ದಿಬ್ಬ ಮೇ ತಿಂಗಳಲ್ಲಿ ಒಂದು ಕಡೆ, ಅಕ್ಟೋಬರಿನಲ್ಲಿ ಇನ್ನೊಂದು ಕಡೆ. ಅಲೆ ಒಡೆಯೋದು ಆ ದಿಬ್ಬದ ಮೇಲೆ. ಅಂದಮೇಲೆ ಯಾವ ಆಪ್‌ಗೆ ಗೊತ್ತಾಗಬೇಕು ಈ ವಾರ ದಿಬ್ಬ ಎಲ್ಲಿದೆ ಅಂತ? ನಾರ್ವೆಯಲ್ಲಿ ಕಂದಾಯ ನಕ್ಷೆ ಇದೆ, ನಮ್ಮಲ್ಲಿ ಬೆಳಗ್ಗೆ ಎದ್ದು ಬದು ಹುಡುಕಬೇಕು.

ಹುಡುಕೋದನ್ನ ಕಲಿಸೋ ಜನ ಇಲ್ಲ ಅಂತಲ್ಲ. ಅಮೆರಿಕದಿಂದ ಬಂದು ಸನ್ಯಾಸಿಯಾದ ಜ್ಯಾಕ್ ಹೆಬ್ನರ್ 2004ರಲ್ಲಿ ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುಮಾಡಿದರು. ದೇಶದ ಮೊದಲ ಸರ್ಫ್ ಕ್ಲಬ್ ಅದು. 2011ರಲ್ಲಿ ಸರ್ಫಿಂಗ್ ಫೆಡರೇಶನ್ ಹುಟ್ಟಿದ್ದೂ ಅದೇ ಮೂಲ್ಕಿಯ ನೆಲೆಯಿಂದ. 2016ರ ಮೇ ಕೊನೆಯಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ನಡೆಯಿತು. ತನ್ವಿ ಜಗದೀಶ್ ಥರದವರು ಬಂದದ್ದು ಇದೇ ನೀರಿನಿಂದ. ಅಂದರೆ ಕರ್ನಾಟಕದಲ್ಲಿ ಸಮುದ್ರವನ್ನು ಸರ್ಫರ್ ಕಣ್ಣಲ್ಲಿ ನೋಡೋ ವಿದ್ಯೆಗೆ ಇಪ್ಪತ್ತು ವರ್ಷ ದಾಟಿದೆ. ಬೆಂಗಳೂರಿಗೆ ಬಂದು ಮುಟ್ಟಿರೋದು ಅದರ ಟೀಶರ್ಟು ಮಾತ್ರ.

ನನಗೆ ಕಲಿಸಿದ ಹುಡುಗ ಮೀನುಗಾರರ ಮನೆಯವನು, ನನಗಿಂತ ಹತ್ತು ವರ್ಷ ಚಿಕ್ಕವನು. ಮೊದಲ ದಿನ ಬೋರ್ಡ್ ಕೈಗೆ ಕೊಡಲಿಲ್ಲ. "ಈಗಲೇ ಇಳಿಯುವುದು ಬೇಡ ಮಾರಾಯ್ರೆ, ಇಪ್ಪತ್ತು ನಿಮಿಷ ಕೂತುಕೊಳ್ಳಿ. ಮೊಬೈಲ್ ಒಳಗೆ ಇಡಿ." ಇಪ್ಪತ್ತು ನಿಮಿಷ ಯಾಕೆ ಅಂದರೆ, ದೊಡ್ಡ ಅಲೆಗಳು ಒಂದೊಂದಾಗಿ ಬರಲ್ಲ, ನಾಲ್ಕೋ ಆರೋ ಗುಂಪಾಗಿ ಬರ್ತವೆ. ನಡುವೆ ಐದು ನಿಮಿಷ, ಹತ್ತು ನಿಮಿಷ ಸಮುದ್ರ ಸತ್ತ ಹಾಗೆ ಇರುತ್ತೆ. ಬಸ್ಸಿನಿಂದ ಇಳಿದವರು ಆ ಸತ್ತ ಹೊತ್ತಿನಲ್ಲಿ ಬಂದರೆ ಇವತ್ತು ನೀರು ಶಾಂತವಾಗಿದೆ ಅಂದ್ಕೊಂಡು ಸೊಂಟದವರೆಗೂ ಹೋಗಿಬಿಡ್ತಾರೆ. ಆಮೇಲೆ ಗುಂಪು ಬರುತ್ತೆ.

ಇಪ್ಪತ್ತು ನಿಮಿಷ ಮುಗಿದ ಮೇಲೆ ಅವನು ಕೇಳಿದ: "ಇಲ್ಲಿ ನಿಮ್ಮ ಮನೆಯವರನ್ನು ಕರಕೊಂಡು ಬಂದರೆ ಮಕ್ಕಳನ್ನು ಎಲ್ಲಿ ಬಿಡ್ತೀರಿ?" ಉದ್ದಕ್ಕೂ ಬಿಳಿ ನೊರೆ. ನಡುವೆ ಒಂದು ಕಡೆ, ಬಸ್ಸಿನ ಅಗಲಕ್ಕೆ, ನೊರೆ ಇಲ್ಲದ ಜಾಗ. ಅಲೆ ಒಡೆಯದೆ, ಸ್ವಲ್ಪ ಕಡು ಬಣ್ಣದ್ದಾಗಿ, ಕೆರೆ ನೀರಿನ ಹಾಗೆ ತಣ್ಣಗಿತ್ತು. ಬಯಲುಸೀಮೆಯ ಯಾವ ತಾಯಿ ಬೇಕಾದರೂ ಅದನ್ನೇ ತೋರಿಸ್ತಾಳೆ. ನಾನೂ ಅದನ್ನೇ ತೋರಿಸಿದೆ. ಅವನು ನಗಲಿಲ್ಲ. "ಎಲ್ಲರೂ ಅಲ್ಲಿಯೇ ಬಿಡುವುದು" ಅಂದ.

ದಯವಿಟ್ಟು ಇದೊಂದನ್ನ ಓದಿ, ಉಳಿದದ್ದು ಬಿಟ್ಟರೂ ಪರವಾಗಿಲ್ಲ. ಅಲೆ ಒಡೆದು ದಡಕ್ಕೆ ತಳ್ಳಿದ ನೀರೆಲ್ಲ ವಾಪಸ್ ಹೋಗೋಕೆ ದಾರಿ ಬೇಕು. ಮರಳ ದಿಬ್ಬಗಳ ನಡುವೆ ಎಲ್ಲಿ ತಗ್ಗಿದೆಯೋ ಅಲ್ಲಿ ಅದು ಹೊಳೆಯಾಗಿ ಸಮುದ್ರದ ಕಡೆ ಹರಿಯುತ್ತೆ. ಇಂಗ್ಲಿಷಿನವರು ರಿಪ್ ಅಂತಾರೆ. ತಗ್ಗಿದ್ದರಿಂದ ಅಲ್ಲಿ ಆಳ ಜಾಸ್ತಿ, ಆಳ ಜಾಸ್ತಿ ಆದ್ದರಿಂದ ಅಲೆ ಒಡೆಯಲ್ಲ, ಅಲೆ ಒಡೆಯದ್ದರಿಂದ ಶಾಂತವಾಗಿ ಕಾಣುತ್ತೆ. ಕೆರೆಯಲ್ಲಿ, ಕಾಲುವೆಯಲ್ಲಿ, ಕೃಷಿಹೊಂಡದಲ್ಲಿ ಕಲಿತ ಕಣ್ಣು ಸಮುದ್ರದಲ್ಲಿ ತಲೆಕೆಳಗಾಗುತ್ತೆ. ಅತಿ ಸುರಕ್ಷಿತ ಅಂತ ನಾವು ಆರಿಸುವ ಜಾಗವೇ ಎಳೆದುಕೊಂಡು ಹೋಗುವ ಜಾಗ. ಜೋರಿದ್ದ ದಿನ ಅದು ಸೆಕೆಂಡಿಗೆ ಎರಡು ಮೀಟರ್ ವೇಗ ಮುಟ್ಟುತ್ತೆ, ಒಲಿಂಪಿಕ್ಸ್ ಈಜುಗಾರನೂ ಎದುರು ಈಜಿ ಗೆಲ್ಲಲಾರ. ಸಿಕ್ಕಿಬಿದ್ದರೆ ದಡದ ಕಡೆಗೆ ಈಜಬಾರದು. ಸುಸ್ತಾಗೋದು, ಮುಳುಗೋದು ಹಾಗೇ. ತೇಲಬೇಕು, ಕೈ ಎತ್ತಿ ಕರೆಯಬೇಕು, ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ, ನೊರೆ ಇರುವ ಕಡೆಗೆ ಹೋಗಬೇಕು. ನೊರೆ ಇರುವಲ್ಲಿ ದಿಬ್ಬ ಇದೆ, ಅಲೆ ದಡಕ್ಕೆ ತಳ್ಳುತ್ತೆ. ಸರ್ಫರ್‌ಗಳು ಇದೇ ರಿಪ್ಪನ್ನು ಲಿಫ್ಟ್ ಥರ ಬಳಸ್ತಾರೆ, ಒಳಗೆ ಹೋಗೋಕೆ ಪುಕ್ಕಟೆ ಸವಾರಿ. ಒಂದೇ ನೀರು, ಓದೋಕೆ ಬಂದವನಿಗೆ ಲಿಫ್ಟು.

ನಾವು ನೀರು ಓದೋಕೆ ಬರದ ಜನ ಅಂತಲ್ಲ. ನಮ್ಮ ಕಡೆಯ ಕೆರೆಗಳು ತುಂಬೋದೇ ಅಪರೂಪ. 2022ರ ಮಳೆಯಲ್ಲಿ ಎಷ್ಟೋ ಕೆರೆಗಳು ಕೋಡಿ ಬಿದ್ದಾಗ ಜಾತ್ರೆ ಥರ ಜನ ಸೇರಿದ್ದರು. ಆದರೂ ಚಿಕ್ಕವರಿದ್ದಾಗಿನಿಂದ ಅವ್ವ, ಅಜ್ಜಿ, ಎಮ್ಮೆ ಮೇಯಿಸೋ ತಾತ ಎಲ್ಲರೂ ಹೇಳಿದ್ದೇ ಹೇಳಿದ್ದು: ತೂಬಿನ ಹತ್ತಿರ ಇಳೀಬೇಡ, ಒಳಕ್ಕೆ ಎಳ್ಕೊಳ್ತದೆ. ಗೋಡು ತೆಗೆದಿರೋ ಕಡೆ ಹೋಗಬೇಡ, ಒಂದು ಹೆಜ್ಜೆ ಮೊಣಕಾಲು, ಇನ್ನೊಂದು ಹೆಜ್ಜೆ ತಲೆ ಮೇಲೆ. ಕೋಡಿ ಮೇಲೆ ಪಾಚಿ. ಹತ್ತು ವರ್ಷಕ್ಕೊಮ್ಮೆ ತುಂಬೋ ಕೆರೆಗೆ ಇಷ್ಟು ಪಾಠ ಇತ್ತು. ಪ್ರತಿ ವರ್ಷ ಟೂರ್ ಹೋಗೋ ಸಮುದ್ರಕ್ಕೆ ಒಂದು ಸಾಲೂ ಇಲ್ಲ. ಹೇಳೋ ಅಜ್ಜಿಯೂ ಸಮುದ್ರ ನೋಡಿದ್ದು ಧರ್ಮಸ್ಥಳ ಪ್ರವಾಸದಲ್ಲಿ, ಒಂದೇ ಸಲ.

2024ರ ಡಿಸೆಂಬರ್ 10ರಂದು ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ನಾಲ್ವರು ಹುಡುಗಿಯರು ನೀರುಪಾಲಾದರು. ಶಾಲಾ ಪ್ರವಾಸ. ಕೋಲಾರ ಅಂದರೆ ನಮಗಿಂತ ಒಣಗಿದ ಸೀಮೆ. ಆ ವಾರ ನಮ್ಮ ಆಫೀಸಿನ ಊಟದ ಮೇಜಿನಲ್ಲಿ ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ನಮ್ಮ ಜನಕ್ಕೆ ಡಿಸಿಪ್ಲಿನ್ ಇಲ್ಲ." ಬೇರೆ ಸಲ ಇದೇ ಬಾಯಿ "ಕುಡಿದು ಇಳೀತಾರೆ" ಅಂದಿತ್ತು. ಹೈಸ್ಕೂಲ್ ಹುಡುಗಿಯರು ಕುಡಿದು ಇಳಿದಿದ್ದರಾ? ಅಶಿಸ್ತು ಅನ್ನೋದು ಗೊತ್ತಿದ್ದೂ ಮಾಡಿದ್ದಕ್ಕೆ. ಗೊತ್ತೇ ಇಲ್ಲದ್ದಕ್ಕೆ ಬೇರೆ ಹೆಸರಿದೆ, ಅದರ ಜವಾಬ್ದಾರಿ ಸತ್ತವರ ಮೇಲೆ ಬೀಳಲ್ಲ.

ಪ್ರತಿ ಸಲ ಆಮೇಲೆ ಆಗೋದೇನು? ಬೀಚ್ ಕೆಲದಿನ ಮುಚ್ತಾರೆ. ಹಗ್ಗ ಕಟ್ತಾರೆ. ಪೊಲೀಸರು ಸೀಟಿ ಊದ್ತಾರೆ. "ಅಪಾಯ, ನೀರಿಗೆ ಇಳಿಯಬಾರದು" ಅಂತ ಬೋರ್ಡ್ ಬರುತ್ತೆ. ಬೋರ್ಡ್ ವರ್ಷಪೂರ್ತಿ ಅದನ್ನೇ ಹೇಳುತ್ತೆ, ಜನವರಿಯ ಅರ್ಧ ಮೀಟರ್ ಅಲೆಗೂ ಜುಲೈನ ನಾಲ್ಕು ಮೀಟರ್ ಅಲೆಗೂ ಒಂದೇ ಮಾತು. ಯಾವಾಗಲೂ ಕೆಂಪು ತೋರಿಸೋ ಅಲರ್ಟನ್ನ ನಾವೇ ಮ್ಯೂಟ್ ಮಾಡಲ್ವಾ? ಜನವೂ ಮಾಡಿದ್ದಾರೆ. ಎದುರಿಗೆ ನೂರು ಜನ ನೀರಲ್ಲಿ ಆಡ್ತಿರೋವಾಗ ತುಕ್ಕು ಹಿಡಿದ ಬೋರ್ಡನ್ನ ಯಾರು ನಂಬ್ತಾರೆ?

ಇಲ್ಲಿ ನನ್ನ ಕಡೆಯವರೇ ಒಂದಿಷ್ಟು ಜನ ಎದ್ದು ನಿಲ್ತಾರೆ: "ಆಪ್ ಬಿಡಿ, ಮೀನುಗಾರರ ಪಾರಂಪರಿಕ ಜ್ಞಾನ ಸಾಕು." ಇದೂ ಸುಳ್ಳು, ಇದು ಪ್ರೀತಿಯ ಸುಳ್ಳು. ನನಗೆ ಕಲಿಸಿದ ಹುಡುಗ ಇನ್‌ಕಾಯ್ಸ್ ಮುನ್ಸೂಚನೆಯನ್ನು ನನಗಿಂತ ಮೊದಲು ನೋಡಿರ್ತಾನೆ. ಆರು ದಿನದ ಹಿಂದೆ ಕೆರ್ಗೆಲೆನ್ ಹತ್ತಿರ ಬೀಸಿದ ಗಾಳಿ ಯಾವ ಅಜ್ಜನ ಕಣ್ಣಿಗೂ ಕಾಣಲ್ಲ, ಅದಕ್ಕೆ ಉಪಗ್ರಹವೇ ಬೇಕು. ಈ ವಾರ ದಿಬ್ಬ ಎಲ್ಲಿದೆ ಅನ್ನೋದು ಉಪಗ್ರಹ ಹೇಳಲ್ಲ, ಅದಕ್ಕೆ ಅವನೇ ಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯೋ ಹಾಗಿಲ್ಲ. ಮೀನು ಮರಿಮಾಡುವ ಕಾಲ ಅನ್ನೋದು ಮುಖ್ಯ ಕಾರಣ, ಕಡಲಿನ ಸಿಟ್ಟೂ ಅದೇ ಕಾಲದ್ದು. ನಲವತ್ತು ಟನ್ನಿನ ಬೋಟು ಬಂದರಿನಲ್ಲಿ ಕಟ್ಟಿಹಾಕಿರೋ ದಿನಗಳಲ್ಲಿ ನಾವು ಬರ್ಮುಡಾ ಹಾಕ್ಕೊಂಡು ಇಳೀತೀವಿ. ನಿಷೇಧ ಮುಗಿದು ಎರಡು ವಾರಕ್ಕೆ ಆಗಸ್ಟ್ ಹದಿನೈದು ಬರುತ್ತೆ, ಮುಂಗಾರು ಆಗಲೂ ಮುಗಿದಿರಲ್ಲ.

ನಾನು ಕೇಳೋದು ದೊಡ್ಡದೇನಲ್ಲ. ಆಗಲ್ಲ ಅನ್ನೋಹಾಗೂ ಇಲ್ಲ. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಬೀಚುಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಾಗ ಲೈಫ್‌ಗಾರ್ಡ್, ಗುರುತು ಹಾಕಿದ ಈಜುವ ಜಾಗ ಎಲ್ಲ ನಿಯಮದ ಪ್ರಕಾರ ಬಂತು. ಬೇರೆ ಬೀಚಿನಲ್ಲಿ ಒಂದು ಕರಿಹಲಗೆ, ಒಂದು ಸೀಮೆಸುಣ್ಣ. ಬೆಳಗ್ಗೆ ಲೈಫ್‌ಗಾರ್ಡ್ ಕನ್ನಡದಲ್ಲಿ ಮೂರು ಸಾಲು ಬರೀಲಿ: ಇವತ್ತಿನ ಅಲೆ ಎಷ್ಟು, ಎಷ್ಟು ಸೆಕೆಂಡಿನದು, ಸೆಳೆತ ಎಲ್ಲಿದೆ. ದಿನಾ ಬದಲಾಗೋ ಬೋರ್ಡನ್ನ ಜನ ಓದ್ತಾರೆ, ಎಪಿಎಂಸಿ ಬೋರ್ಡ್ ಮುಂದೆ ನಿಲ್ಲೋ ಹಾಗೆ. ಅರ್ಧ ಕೆಂಪು ಅರ್ಧ ಹಳದಿ ಬಾವುಟ ಅಂದರೆ ಇಲ್ಲಿ ಕಾವಲಿದೆ, ಇವೆರಡರ ನಡುವೆ ಮಾತ್ರ ಇಳಿಯಿರಿ ಅಂತ ಅರ್ಥ. ಇದು ಬೆಂಗಳೂರಿನಲ್ಲಿ ಎಷ್ಟು ಜನಕ್ಕೆ ಗೊತ್ತು? ಎತ್ತಿನಹೊಳೆ, ಆಲಮಟ್ಟಿ ಅಂತ ಪಾಠ ಮಾಡೋ ಶಾಲೆಗಳಲ್ಲಿ, ಮುನ್ನೂರು ಕಿಲೋಮೀಟರಿಗೂ ಮೀರಿದ ಕರಾವಳಿ ಇರೋ ರಾಜ್ಯದಲ್ಲಿ, ರಿಪ್ ಚಿತ್ರ ಒಂದು ಪುಟ ಹಾಕೋಕೆ ಏನು ಕಷ್ಟ?

ಮತ್ತೆ ನಾವು. ಕೋಡ್ ಬರೆಯೋ ಕೈಗಳು. ಮುನ್ಸೂಚನೆಯ ಮಾಹಿತಿ ಸಾರ್ವಜನಿಕವಾಗೇ ಇದೆ, ತಲುಪೋದು ಮುಖ್ಯವಾಗಿ ಮೀನುಗಾರರಿಗೆ. ತುಮಕೂರು ಡಿಪೋದಿಂದ ಹೊರಟ ಟೂರ್ ಬಸ್ಸಿನ ಕಂಡಕ್ಟರ್ ಮೊಬೈಲಿಗೆ, "ನಾಳೆ ಮುರ್ಡೇಶ್ವರದಲ್ಲಿ ಹದಿನೈದು ಸೆಕೆಂಡಿನ ಅಲೆ, ಮಕ್ಕಳನ್ನ ನೀರಿಗೆ ಬಿಡಬೇಡಿ" ಅಂತ ಕನ್ನಡದಲ್ಲಿ ಒಂದು ಸಂದೇಶ ಹೋಗೋ ಹಾಗೆ ಮಾಡೋದು ನಮಗೆ ಎರಡು ವೀಕೆಂಡಿನ ಕೆಲಸ. ಹತ್ತನೇ ಫುಡ್ ಡೆಲಿವರಿ ಆಪ್ ಮಾಡೋಕೆ ಜನ ಇದ್ದಾರೆ, ಇದಕ್ಕೆ ಇಲ್ಲ. ನಾವು ಮೂವರು ಶುರುಮಾಡಿದೀವಿ, ಅರ್ಧಂಬರ್ಧ ಓಡ್ತಿದೆ. ಎತ್ತರದ ಅಂಕಿಯನ್ನ ಬೇಕಂತಲೇ ಎರಡನೇ ಸಾಲಿಗೆ ಹಾಕಿದೀವಿ.

ನಮ್ಮ ಹೋಬಳಿಯ ಒಂದು ಶಾಲೆಯಿಂದ ಈ ಡಿಸೆಂಬರಿಗೆ ಉಡುಪಿ, ಮುರ್ಡೇಶ್ವರ ಪ್ರವಾಸ ಗೊತ್ತಾಗಿದೆ. ಬಸ್ ಹೊರಡೋ ಮುಂಚೆ ಮಕ್ಕಳ ಮುಂದೆ ಹತ್ತು ನಿಮಿಷ ಮಾತಾಡೋಕೆ ಕೊಡಿ ಸಾರ್, ಒಂದು ಚಿತ್ರ ತೋರಿಸ್ತೀನಿ, ನೊರೆ ಇಲ್ಲದ ಜಾಗದ್ದು ಅಂತ ಮೇಷ್ಟ್ರನ್ನ ಕೇಳಿದೆ. ಹತ್ತು ನಿಮಿಷ ಜಾಸ್ತಿ ಆಯ್ತಪ್ಪ, ತಿಂಡಿಗೆ ತಿಪಟೂರಿನಲ್ಲಿ ಇರಬೇಕು, ಐದರಲ್ಲಿ ಮುಗಿಸು ಅಂದಿದ್ದಾರೆ. ಐದರಲ್ಲಿ ಮುಗಿಸೋದನ್ನ ಮನೆಯಲ್ಲಿ ಗಡಿಯಾರ ಇಟ್ಕೊಂಡು ಪ್ರಾಕ್ಟೀಸ್ ಮಾಡ್ತಿದೀನಿ. ನಿನ್ನೆ ರಾತ್ರಿ ಏಳೂವರೆಗೆ ಬಂದಿದೆ.